ಅಪ್‌ಡೇಟ್: ಊಟಿಯ ಚಳಿಗೆ ಬಾಳೆ ಉಳಿಯಿತಾ?

ನವೆಂಬರ್‌ನಲ್ಲಿ ಕೇಳಿದ್ದೆ: ಗುಂಡ್ಲುಪೇಟೆಯಿಂದ ತಂದ ಎರಡು ಬಾಳೆಕಂದು ಊಟಿಯ ಚಳಿಗೆ ಉಳಿಯುತ್ತವಾ ಅಂತ. ಒಂದು ಉಳಿಯಿತು. ಇನ್ನೊಂದು ಸತ್ತು ಹುಟ್ಟಿತು!

ಗೋಡೆ ಪಕ್ಕದ್ದಕ್ಕೆ ಎಲೆಯ ಅಂಚು ಮಾತ್ರ ಕಂದಿತು. ಹಗಲು ಬಿಸಿಲು ಕುಡಿದ ಕಲ್ಲುಗೋಡೆ ರಾತ್ರಿ ಕಾವು ಬಿಡುತ್ತದೆ, ನೀವು ಹೇಳಿದ್ದು ನಿಜ. ತೋಟದ ತಗ್ಗಿನ ಮೂಲೆಯದ್ದೇ ಕಷ್ಟ. ತಣ್ಣನೆ ಗಾಳಿ ಭಾರ, ನೀರಿನ ಹಾಗೆ ಇಳಿದು ಅಲ್ಲೇ ನಿಲ್ಲುತ್ತದೆ. ಜನವರಿಯಲ್ಲಿ ಮೋಡವಿಲ್ಲದ, ಗಾಳಿಯಾಡದ ಒಂದು ರಾತ್ರಿ. ಬೆಳಿಗ್ಗೆ ಹುಲ್ಲೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ. ಬಿಸಿಲೇರಿದ ಮೇಲೆ ಎಲೆಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದವು. ತಪ್ಪು ನನ್ನದೇ. ಪ್ಲಾಸ್ಟಿಕ್ ಶೀಟನ್ನು ಎಲೆಗೆ ತಾಗುವಂತೆ ಸುತ್ತಿದ್ದೆ, ತಾಗಿದ ಕಡೆ ಜಾಸ್ತಿ ಸುಟ್ಟಿತ್ತು. ಆಮೇಲೆ ನಾಲ್ಕು ಕೋಲು ನೆಟ್ಟು ಸಂಜೆ ಹಳೆ ಸೀರೆ ಹೊದಿಸಿ, ಬೆಳಿಗ್ಗೆ ತೆಗೆಯುತ್ತಿದ್ದೆ. (ಪಕ್ಕದ ಮನೆಯವರು "ಬಾಳೆಗೆ ಸೀಮಂತವಾ?" ಅಂದರು.)

ಕಿತ್ತು ಬಿಸಾಡೋಣ ಅಂದುಕೊಂಡಿದ್ದೆ. ಬುಡಕ್ಕೆ ಒಂದಡಿ ಒಣಹುಲ್ಲು ಹಾಕಿದ್ದೆ ಅಲ್ವಾ, ಗೆಡ್ಡೆ ಬದುಕಿತ್ತು. ಏಪ್ರಿಲ್‌ನಲ್ಲಿ ಸುರುಳಿ ಎಲೆ ಬಂತು. ಗೊನೆಯ ಆಸೆ ಇಲ್ಲ, ಈ ಚಳಿಗೆ ಬೆಳವಣಿಗೆ ತುಂಬಾ ನಿಧಾನ. ನಮ್ಮತ್ತೆಗೆ ಹಬ್ಬದೂಟಕ್ಕೆ ನಾಲ್ಕು ಎಲೆ ಸಿಕ್ಕರೆ ಸಾಕಂತೆ.