ಪಾಮೀರ್ ಹೆದ್ದಾರಿ, ಕಾರ್ಬ್ಯುರೇಟರ್ 250 ಸಿಸಿ ಬೈಕ್: ಜೆಟ್ ಬದಲಿಸಬೇಕಾ, ಪೆಟ್ರೋಲ್ ಎಷ್ಟು ಹೊರಬೇಕು?

ದಾರಿಹೋಕ:
ತಾಜಿಕಿಸ್ತಾನದ ದುಶಾಂಬೆಯಿಂದ ಹೊರಟು ಖೊರೊಗ್, ಮುರ್ಗಾಬ್ ಮೇಲೆ ಕಿರ್ಗಿಸ್ತಾನದ ಓಷ್‌ಗೆ ಇಳಿಯುವ ಪ್ಲಾನ್. ಬೈಕ್ ಏರ್‌ಕೂಲ್ಡ್ ಸಿಂಗಲ್, ಸಿವಿ ಕಾರ್ಬ್ಯುರೇಟರ್, ಮೇನ್ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ಬಿಡಿಭಾಗ) 120. ಟ್ಯಾಂಕ್ 11 ಲೀಟರ್, ಸಮತಟ್ಟು ರಸ್ತೆಯಲ್ಲಿ ಲೀಟರಿಗೆ 30 ಕಿ.ಮೀ. ಸಿಗುತ್ತೆ. ಟ್ಯೂಬ್ ಟೈರ್, ಲಗೇಜ್ 25 ಕೆ.ಜಿ. ಅಕ್-ಬೈತಾಲ್ ಪಾಸ್ 4,655 ಮೀಟರ್ ಅಂತಾರೆ. ಅಷ್ಟು ಎತ್ತರಕ್ಕೆ ಜೆಟ್ ಬದಲಿಸಲೇಬೇಕಾ? ಎಕ್ಸ್‌ಟ್ರಾ ಪೆಟ್ರೋಲ್ ಎಷ್ಟು ಬೇಕು? ವಾಖಾನ್ (ಅಫ್ಘಾನ್ ಗಡಿಯ ಕಣಿವೆ) ಕಡೆಯಿಂದ ಸುತ್ತಿ ಹೋಗುವುದು ಒಳ್ಳೆಯದಾ?

ಪೈಲಟ್‌ಸ್ಕ್ರೂ:
ಅಕ್-ಬೈತಾಲ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 56% ಮಾತ್ರ. ಗಾಳಿ ತೆಳುವಾಗುತ್ತೆ, ಆದರೆ ಜೆಟ್ ಸುರಿಯುವ ಪೆಟ್ರೋಲ್ ಅದೇ ಪ್ರಮಾಣದಲ್ಲಿ ಇಳಿಯಲ್ಲ. ಅದಕ್ಕೇ ಮಿಕ್ಸ್ಚರ್ ರಿಚ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ) ಆಗೋದು: ಪ್ಲಗ್‌ಗೆ ಕಪ್ಪು ಮಸಿ ಹಿಡಿಯುತ್ತೆ, ಥ್ರಾಟಲ್ ಕೊಟ್ಟರೆ ಬೈಕ್ ಗುಳುಗುಳು ಅನ್ನುತ್ತೆ, ಐಡ್ಲಿಂಗ್‌ನಲ್ಲಿ ನಿಂತುಹೋಗುತ್ತೆ. ಒಂದೇ ಪಾಸ್ ಇದ್ದಿದ್ದರೆ ಮುಟ್ಟಬೇಡಿ ಅನ್ನುತ್ತಿದ್ದೆ. ಇಲ್ಲಿ ಅಲಿಚೂರ್‌ನಿಂದ ಕಾರಾಕುಲ್ ದಾಟುವವರೆಗೂ 3,500 ಮೀಟರಿಗಿಂತ ಕೆಳಗೆ ಇಳಿಯೋದೇ ಇಲ್ಲ, ಹಾಗಾಗಿ ಬದಲಿಸಿ.

120ರ ಜಾಗಕ್ಕೆ 110 ಹಾಕಿ, 105 ಒಂದು ಜೇಬಲ್ಲಿರಲಿ. ಲೆಕ್ಕದ ಪ್ರಕಾರ ಇನ್ನೂ ಸಣ್ಣದು ಬೇಕು, ಆದರೆ ಸ್ವಲ್ಪ ರಿಚ್ ಓಡಿದರೆ ಎಂಜಿನ್ ಹಾಳಾಗಲ್ಲ, ಲೀನ್ (ಪೆಟ್ರೋಲ್ ಕಡಿಮೆ) ಓಡಿದರೆ ಹಾಳಾಗುತ್ತೆ. ಪೈಲಟ್ ಸ್ಕ್ರೂ (ಐಡ್ಲಿಂಗ್ ಮಿಕ್ಸ್ಚರ್ ಹೊಂದಿಸುವ ಸ್ಕ್ರೂ) ಎಂಜಿನ್ ಕಡೆಗಿದ್ದರೆ ಕಾಲು ಸುತ್ತು ಒಳಗೆ. ಏರ್‌ಫಿಲ್ಟರ್ ಕಡೆಗಿದ್ದರೆ ಕಾಲು ಸುತ್ತು ಹೊರಗೆ. ಇದನ್ನು ಉಲ್ಟಾ ಮಾಡಿ ಇನ್ನಷ್ಟು ರಿಚ್ ಮಾಡಿಕೊಳ್ಳುವವರೇ ಜಾಸ್ತಿ.

ಜೆಟ್ ಬದಲಿಸಲು ಬಿಚ್ಚಬೇಕಾದ ಫ್ಲೋಟ್ ಬೌಲ್‌ನ (ಕಾರ್ಬ್ಯುರೇಟರ್ ತಳದ ಬಟ್ಟಲು) ನಾಲ್ಕು ಸ್ಕ್ರೂ ಮೆದು ಲೋಹದ್ದು, ಚಳಿಯಲ್ಲಿ ಸ್ಕ್ರೂಡ್ರೈವರ್ ಜಾರಿದರೆ ತಲೆ ಸವೆದು ಅಲ್ಲೇ ಕೂರಬೇಕು. ಹೊರಡುವ ಮೊದಲೇ ಅವನ್ನು ತೆಗೆದು ಅಲೆನ್ ಬೋಲ್ಟ್ ಹಾಕಿಸಿ. ಜೆಟ್ ಅನ್ನು ದೂಷಿಸುವ ಮೊದಲು ಏರ್‌ಫಿಲ್ಟರ್ ನೋಡಿ. ಅಲ್ಲಿಯ ಧೂಳಿಗೆ ಫಿಲ್ಟರ್ ಕಟ್ಟಿಕೊಂಡರೂ ಲಕ್ಷಣ ಇದೇ.

ಪೆಟ್ರೋಲ್: ಖೊರೊಗ್–ಮುರ್ಗಾಬ್ ನೇರ ದಾರಿ ಸುಮಾರು 310 ಕಿ.ಮೀ. ಏರು, ಎದುರುಗಾಳಿ, ಸಣ್ಣ ಗೇರ್ ಎಲ್ಲ ಸೇರಿ ಲೀಟರಿಗೆ 22–23 ಹಿಡಿಯಿರಿ. ಹದಿನಾಲ್ಕು ಲೀಟರ್, ಜೊತೆಗೆ ಮೂರು ಲೀಟರ್ ಮೀಸಲು. ಅಂದರೆ ಕ್ಯಾನ್‌ನಲ್ಲಿ 6 ಲೀಟರ್. ಮಧ್ಯೆ ಹಳ್ಳಿಯಲ್ಲಿ ಸಿಕ್ಕರೆ ಸಿಕ್ಕಿತು, ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಕ್ಯಾನ್ ಬಾಯಿತನಕ ತುಂಬಿಸಬೇಡಿ, ಮೇಲೆ ಹೋದಂತೆ ಉಬ್ಬುತ್ತೆ. ಮುಚ್ಚಳ ನಿಧಾನಕ್ಕೆ ಸಡಿಲಿಸಿ. ಮುರ್ಗಾಬ್‌ನಲ್ಲಿ ಸಿಗೋದು ಕಡಿಮೆ ಆಕ್ಟೇನ್‌ನ ಡ್ರಮ್ ಪೆಟ್ರೋಲ್. ಎತ್ತರದಲ್ಲಿ ಸಿಲಿಂಡರ್ ಒತ್ತಡ ಕಡಿಮೆ ಇರುವುದರಿಂದ ನಾಕಿಂಗ್ (ಎಂಜಿನ್ ಒಳಗಿನ ಟಕಟಕ ಬಡಿತ) ಅಷ್ಟಾಗಿ ಬರಲ್ಲ. ಬಟ್ಟೆಯಲ್ಲಿ ಸೋಸಿ ಹಾಕಿ, ಇನ್‌ಲೈನ್ ಫಿಲ್ಟರ್ ಎರಡು ಇರಲಿ.

ಟ್ಯೂಬ್‌ಲಿವರ್:
ಮೇಲಿನದಕ್ಕೆ ತಕರಾರಿಲ್ಲ. ಯಾರೂ ಹೇಳದ ಒಂದು ವಿಷಯ ಟೈರ್ ಪ್ರೆಶರ್. ಗೇಜ್ ತೋರಿಸೋದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ. ದುಶಾಂಬೆಯಲ್ಲಿ 26 ಪಿಎಸ್‌ಐ ಹೊಡೆಸಿದ್ದು, ಚಳಿಯ ಲೆಕ್ಕ ಬಿಟ್ಟರೆ, ಅಕ್-ಬೈತಾಲ್‌ನಲ್ಲಿ 31ರ ಹತ್ತಿರ ತೋರಿಸುತ್ತೆ. ಟೈರ್ ಕಲ್ಲಾದಂತಾಗಿ ವಾಷ್‌ಬೋರ್ಡ್ (ಅಲೆಅಲೆ ಏರಿಳಿತದ) ರಸ್ತೆಯಲ್ಲಿ ಕುಣಿಯುತ್ತೆ, ನೀವು ಗಾಳಿ ಬಿಡುತ್ತೀರಿ. ತೊಂದರೆ ಅಲ್ಲಲ್ಲ, ಇಳಿಯುವಾಗ. ಮೇಲೆ 24 ಇದ್ದದ್ದು ಓಷ್ ಹೊತ್ತಿಗೆ 19. ಲಗೇಜ್ ಹೊತ್ತ ಹಿಂದಿನ ಚಕ್ರ ಅಷ್ಟರಲ್ಲಿ ಗುಂಡಿಗೆ ಬಿದ್ದರೆ ಟ್ಯೂಬ್ ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತು, ಇಲ್ಲವಾದರೆ ಟೈರ್ ರಿಮ್ ಮೇಲೆ ಜಾರಿ ವಾಲ್ವ್ ಬುಡದಲ್ಲೇ ಕಿತ್ತುಬರುತ್ತೆ, ಅದಕ್ಕೆ ಪ್ಯಾಚ್ ಹಾಕೋಕಾಗಲ್ಲ. ಪಂಪ್ ಮತ್ತು ಗೇಜ್ ತಳದಲ್ಲಿ ತುರುಕಬೇಡಿ.

ಒಂದೇ ಟ್ಯೂಬ್ ಒಯ್ಯುವುದಾದರೆ ಮುಂದಿನದ್ದು ಒಯ್ಯಿರಿ. 21 ಇಂಚಿನದ್ದನ್ನು 18ರ ಹಿಂದಿನ ಟೈರಿಗೆ ಮಡಚಿ ತುರುಕಿ ನಿಧಾನವಾಗಿ ಊರು ಸೇರಬಹುದು. ಲಿವರ್ ಮೂರು, ವಾಲ್ವ್ ಕೋರ್ ಕೀ, ಎರಡು ಟ್ಯೂಬ್ ಸಲ್ಯೂಷನ್ (ಒಂದು ತೆರೆದರೆ ಒಣಗಿಹೋಗುತ್ತೆ). ಹೊಸ ಕ್ಲಚ್ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೈ ಹಾಕಿಬಿಡಿ, ತುಂಡಾದಾಗ ಎರಡು ತುದಿ ಸಿಕ್ಕಿಸಿದರೆ ಮುಗೀತು. ಬ್ರೇಕ್ ಆಯಿಲ್ ಹೊಸದು ಹಾಕಿಸಿ: ಡಾಟ್ 4 ಹೊಸದರಲ್ಲಿ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ, ನೀರು ಹೀರಿದ್ದಕ್ಕೆ ಆ ಮಿತಿ 155.

ನಿಧಾನ_ಏರು:
ದಿಕ್ಕು ಸರಿ ಆರಿಸಿದ್ದೀರಿ. ಓಷ್‌ನಿಂದ ಹೊರಟರೆ 960 ಮೀಟರಿನಿಂದ ಮೊದಲ ರಾತ್ರಿಯೇ ಸಾರಿ-ತಾಶ್ 3,170, ಮರುದಿನ ಕಾರಾಕುಲ್ 3,900 ದಾಟುತ್ತೆ. ನಿಮ್ಮ ಕಡೆಯಿಂದಲೂ ಖೊರೊಗ್ (2,100) ಬಿಟ್ಟು ಒಂದೇ ದಿನಕ್ಕೆ ಮುರ್ಗಾಬ್ (3,650) ಸೇರಬೇಡಿ. 3,000 ದಾಟಿದ ಮೇಲೆ ಮಲಗುವ ಎತ್ತರ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು ಅನ್ನೋದು ನಿಯಮ. ಇಲ್ಲಿ ಅದನ್ನು ಪೂರ್ತಿ ಪಾಲಿಸೋದು ಕಷ್ಟ. ವಾಖಾನ್ ಸುತ್ತಿಗೆ ಇರುವ ನಿಜವಾದ ಲಾಭ ಇದೇ: ಇಶ್ಕಾಶಿಮ್, ಲಂಗರ್‌ನಲ್ಲಿ ಒಂದೊಂದು ರಾತ್ರಿ ಕಳೆದರೆ ಮೈ ಒಗ್ಗುತ್ತೆ. ಆಮೇಲೆ ಖಾರ್ಗುಶ್ ಪಾಸ್ (4,344) ಕಡೆ ಮರಳು, ಕೊರಕಲು ರಸ್ತೆ. ಆ ದಾರಿಗೆ ಇಶ್ಕಾಶಿಮ್‌ನಲ್ಲಿ ಟ್ಯಾಂಕ್ ತುಂಬಿಸಿ, ಕ್ಯಾನ್ 8 ಲೀಟರ್ ಮಾಡಿಕೊಳ್ಳಿ.

ಎತ್ತರದ ಕಾಯಿಲೆ ತಡೆಯೋಕೆ ಅಸಿಟಜೋಲಮೈಡ್ ಮಾತ್ರೆ 125 ಮಿ.ಗ್ರಾಂ ದಿನಕ್ಕೆ ಎರಡು, ಏರುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇದ್ದರೆ ಡಾಕ್ಟರ್ ಕೇಳದೆ ಮುಟ್ಟಬೇಡಿ. ತಲೆನೋವಿನ ಜೊತೆ ನಡಿಗೆ ತಪ್ಪಿದರೆ ರಾತ್ರಿಯಾದರೂ ಕೆಳಗಿಳಿಸಬೇಕು, ಆ ಸ್ಥಿತಿಯವರು ಬೈಕ್ ಓಡಿಸಬಾರದು. ಇ-ವೀಸಾ ಜೊತೆಗೇ ಗೊರ್ನೊ-ಬದಖ್‌ಷಾನ್ (ಪಾಮೀರ್ ಇರುವ ಪ್ರಾಂತ್ಯ) ಪರ್ಮಿಟ್ ಹಾಕಿಸಿ, ಚೆಕ್‌ಪೋಸ್ಟ್‌ಗಳಿಗೆ ಜೆರಾಕ್ಸ್ ಇಟ್ಟುಕೊಳ್ಳಿ.

ದಾರಿಹೋಕ:
ಧನ್ಯವಾದ, ವಾಖಾನ್ ಅಂತಲೇ ಮಾಡ್ತೀನಿ. 120 ಜೆಟ್ ವಾಪಸ್ ಹಾಕೋದು ಎಲ್ಲಿ?

ಪೈಲಟ್‌ಸ್ಕ್ರೂ:
ಸಾರಿ-ತಾಶ್‌ನಲ್ಲಿ ಬೇಡ, ಮುಂದೆ ತಾಲ್ದಿಕ್ ಪಾಸ್ 3,615 ಇದೆ. ಅದರ ಇಳಿಜಾರಲ್ಲಿ ಥ್ರಾಟಲ್ ಮುಚ್ಚಿಯೇ ಇರುತ್ತೆ, ಗುಲ್ಚಾವರೆಗೆ 110ರಲ್ಲೇ ಬನ್ನಿ. ಗುಲ್ಚಾದಲ್ಲಿ ಎಂಜಿನ್ ತಣಿಸಿ ಬದಲಿಸಿ. ಅಲ್ಲಿಂದ ಓಷ್‌ಗೆ ಹೋಗುವಾಗ 2,400 ಮೀಟರಿಗೆ ಇನ್ನೊಂದು ಏರು ಬರುತ್ತೆ. ಸಣ್ಣ ಜೆಟ್ಟಿನಲ್ಲಿ ಫುಲ್ ಥ್ರಾಟಲ್ ತಿರುಗಿಸಿದರೆ ಏರ್‌ಕೂಲ್ಡ್ ಪಿಸ್ಟನ್ ಜಾಮ್ ಆಗೋದು ಅಲ್ಲೇ. ಪೈಲಟ್ ಸ್ಕ್ರೂವನ್ನೂ ಕಾಲು ಸುತ್ತು ಹಿಂದಕ್ಕೆ ತನ್ನಿ, ಟೈರಿಗೆ ಗಾಳಿಯನ್ನೂ ಅಲ್ಲೇ ಹೊಡೆದುಕೊಳ್ಳಿ.