‘ರೆಕ್’ಗೆ ಕನ್ನಡದಲ್ಲಿ ಏನನ್ನೋಣ? (ರಾತ್ರಿಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ತಣ್ಣನೆಯ ಕಡಲಲ್ಲಿ ಆಳಕ್ಕಿಳಿದು ಹಳೇ ಹಡಗುಗಳನ್ನು ನೋಡಿ ಬರುವವರ ಬಗ್ಗೆ ಒಂದು ಸಾಕ್ಷ್ಯಚಿತ್ರ. ಅದರ ನಿರೂಪಣೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ರಾತ್ರಿಯೊಳಗೆ ಕಳಿಸಬೇಕು. ‘ರೆಕ್’ (wreck, ಮುಳುಗಿಯೋ ಒಡೆದೋ ಹಾಳಾದ ಹಡಗು) ಅನ್ನುವ ಮಾತು ಅರವತ್ತು ಸಲ ಬರುತ್ತದೆ!

‘ಭಗ್ನನೌಕೆ’, ‘ಹಡಗಿನ ಅವಶೇಷ’ ಎರಡೂ ಕೂರುತ್ತಿಲ್ಲ. ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ಕೊಲ್ಲಿಯಲ್ಲಿ 1919ರ ಜೂನ್ 21ರಂದು ಜರ್ಮನ್ ನಾವಿಕರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದರು. ಬಂಡೆಗೆ ಬಡಿದು ಒಡೆದದ್ದಲ್ಲ. ಅಲ್ಲಿ ಉಳಿದಿರುವ ಮೂರು ದೊಡ್ಡ ಯುದ್ಧನೌಕೆಗಳು ಮಗುಚಿ ಬಿದ್ದು ಗುಡ್ಡದ ಹಾಗಿವೆ. ‘ಅವಶೇಷ’ ಅಂದರೆ ಚೂರುಪಾರು ಅನಿಸುತ್ತದೆ, ಅಲ್ವಾ?

ಇನ್ನೊಂದು ತೊಡಕು. ಹಡಗೂ ಮುಳುಗುತ್ತದೆ, ಡೈವರೂ ಮುಳುಗುತ್ತಾನೆ. ‘ಆಂಡ್ರಿಯಾ ಡೋರಿಯಾದಲ್ಲಿ ಮುಳುಗಿದವರು’ ಅಂದರೆ 1956ರಲ್ಲಿ ಆ ಇಟಾಲಿಯನ್ ಪ್ರಯಾಣಿಕ ಹಡಗು ಡಿಕ್ಕಿಯಾಗಿ ಮುಳುಗಿದಾಗ ಸತ್ತವರೋ, ಆಮೇಲೆ ನೋಡಲು ಹೋದವರೋ?

———

ಯಾರಾದರೂ ‘ಭಗ್ನಹಡಗು’ ಅನ್ನುವ ಮೊದಲೇ ಹೇಳಿಬಿಡುತ್ತೇನೆ: ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ. ಪತ್ರಿಕೆಯವರ ‘ಮುಳುಗುತಜ್ಞ’ವೂ ಅದೇ ಜಾತಿ. ‘ಮುಳುಗುಹಡಗು’ ಅನ್ನಿ. ಹಳಗನ್ನಡದಲ್ಲಿ ‘ಮುೞುಗು’, ತಮಿಳಿನಲ್ಲೂ ಅದೇ ೞಕಾರ. ಹಡಗು ಹಿಂದೆ ಪಡಗು. ಎರಡೂ ನಮ್ಮವೇ. ಮುಗೀತು.

———

> ಮುಗೀತು.

ಎಲ್ಲಿ ಮುಗೀತು? ‘ಮುಳುಗುಹಡಗು’ ಅಂದರೆ ಜನ ಸಬ್‌ಮೆರೀನ್ ಅಂದುಕೊಳ್ಳುತ್ತಾರೆ.

———

‘ಹುರಿಗಡಲೆ’ ಅಂದರೆ ಇನ್ನು ಮೇಲೆ ಹುರಿಯಬೇಕಾದ ಕಡಲೆಯೇ? ಹುರಿದ ಕಡಲೆ. ಹೀಗೆ ಕ್ರಿಯೆಯ ಮಾತಿಗೆ ನಾಮಪದ ಸೇರಿದ ಗಮಕಸಮಾಸಕ್ಕೆ ಕಾಲದ ಹಂಗಿಲ್ಲ.

———

ಕಡಲೆ ತಾನಾಗಿ ಹುರಿದುಕೊಳ್ಳಲ್ಲ ಸ್ವಾಮಿ. ‘ಹುರಿ’ ಸಕರ್ಮಕ. ‘ಮುಳುಗು’ ಅಕರ್ಮಕ. ‘ಹಾರುಗುದುರೆ’ ಅಂದರೆ ಹಾರುವ ಕುದುರೆ, ಒಮ್ಮೆ ಹಾರಿ ಸುಮ್ಮನೆ ಬಿದ್ದಿರುವ ಕುದುರೆಯಲ್ಲ.

ನನ್ನ ಸಲಹೆ: ‘ಹಾಳುಹಡಗು’. ಹಾಳೂರು, ಹಾಳುಬಾವಿ ಇವೆಯಲ್ಲ, ಹಾಗೆ. ಡಿಕ್ಕಿಯೋ, ಯುದ್ಧವೋ, ತಾವೇ ಮುಳುಗಿಸಿದ್ದೋ, ಯಾವುದಕ್ಕೂ ಹೊಂದುತ್ತದೆ. ಅಂದ ಹಾಗೆ ‘ಹಾಳು’ ಕೂಡ ‘ಪಾೞ್’. ೞಕಾರಪ್ರಿಯರಿಗೆ ಖುಷಿಯಾಗಲಿ.

———

ಚೆನ್ನಾಗಿದೆ. ಆದರೆ ಅರವತ್ತು ಸಲ ‘ಹಾಳುಹಡಗು’ ಅಂದರೆ ನಿರೂಪಕ ಬೈಯುತ್ತಿದ್ದಾನೆ ಅನಿಸುವುದಿಲ್ಲವೇ? ಗಂಟೆ ಎಂಟಾಯಿತು.

———

ನಾನು ಡೈವ್ ಮಾಡುವವನು. ನಾವು ‘ರೆಕ್’ ಅಂತಲೇ ಅನ್ನುವುದು, ಯಾರಿಗೂ ಏನೂ ಆಗಿಲ್ಲ. ನಿಜವಾದ ತೊಂದರೆ ಬೇರೆ ಕಡೆ ಇದೆ. ಮೈಗೆ ನೀರು ತಾಗದಂತೆ ತೊಡುವ ‘ಡ್ರೈಸೂಟ್’ಅನ್ನು ‘ಒಣ ಉಡುಪು’ ಮಾಡಬೇಡಿ, ಬಿಸಿಲಿಗೆ ಹಾಕಿ ತೆಗೆದ ಬಟ್ಟೆ ಅನಿಸುತ್ತದೆ.

ಡಿಕಂಪ್ರೆಶನ್ (ಆಳದ ಒತ್ತಡದಿಂದ ಮೈಯನ್ನು ನಿಧಾನವಾಗಿ ಹೊರತರುವುದು) ಬಂದೇ ಬರುತ್ತದೆ. ಡೋರಿಯಾ ಇರುವುದು ಸುಮಾರು 75 ಮೀಟರ್ ಆಳದಲ್ಲಿ. ಅಲ್ಲಿ ಒತ್ತಡ ಮೇಲಿನದರ ಎಂಟೂವರೆ ಪಟ್ಟು. ತಳದಲ್ಲಿ 20 ನಿಮಿಷ ಇದ್ದರೆ, ಅಲ್ಲಲ್ಲಿ ನಿಂತು ನಿಂತು ಮೇಲೆ ಬರಲು ಗಂಟೆಗೂ ಜಾಸ್ತಿ ಬೇಕು, ಅದೂ ಆ ಚಳಿಯಲ್ಲಿ. ಇದನ್ನು ‘ಒತ್ತಡ ಇಳಿಸಿಕೊಳ್ಳುವ ವಿರಾಮ’ ಅಂತ ಬರೆದರೆ ಆಫೀಸಿನ ಒತ್ತಡ ಅಂದುಕೊಳ್ಳುತ್ತಾರೆ. ‘ತಂಗುತ್ತ ಏರಿದರು’ ಅನ್ನಿ.

ಹಡಗಿನೊಳಗೆ ಹೋಗುವಾಗ ಬಿಡುತ್ತ ಹೋಗುವುದು ‘ಹಗ್ಗ’ವಲ್ಲ, ‘ಹುರಿ’. ತೆಳ್ಳಗಿರುತ್ತದೆ. ಒಳಗೆ ಹೂಳು ಎದ್ದರೆ ಕಣ್ಣೆದುರಿನ ಕೈಯೂ ಕಾಣಲ್ಲ. ಆಗ ಹುರಿ ಹಿಡಿದೇ ಹೊರಗೆ ಬರಬೇಕು.

———

ಹುರಿ ಗೊತ್ತು, ಹೂಳು ಗೊತ್ತು, ‘ರೆಕ್’ ಒಂದಕ್ಕೆ ಸಾಲ! ಹೀಗೇ ಒಂದೊಂದಾಗಿ ತಂದು ಮನೆ ತುಂಬಿಸಿದ್ದು.

———

‘ಅರಿ’ ಯಾವ ಮನೆಯದು? ‘ಸಮಾಸ’ ಯಾವ ಮನೆಯದು? ಬೈಯುವುದಕ್ಕೂ ಸಂಸ್ಕೃತದಿಂದ ಸಾಲ ತಂದವರು ನೀವು.

———

ತತ್ಸಮ ಬೇರೆ, ಇಂಗ್ಲಿಷ್ ಬೇರೆ. ಮೊದಲು ಅದನ್ನು ಓದಿಕೊಂಡು ಬನ್ನಿ.

———

ಕಳಿಸಿಬಿಟ್ಟೆ. ಮೊದಲ ಸಲ ‘ಮುಳುಗಿದ ಹಡಗು’, ಆಮೇಲೆ ಎಲ್ಲ ಕಡೆ ಬರೀ ‘ಹಡಗು’. ಹಡಗು ‘ಮುಳುಗಿತು’, ಡೈವರ್ ‘ಇಳಿದ’. ಗೊಂದಲ ಅಲ್ಲಿಗೇ ಹೋಯಿತು. ‘ಹುರಿ’, ‘ಹೂಳು’, ‘ತಂಗು’ ಕೊಟ್ಟವರಿಗೆ ಥ್ಯಾಂಕ್ಸ್. ‘ಹಾಳುಹಡಗು’ವನ್ನೂ ಒಂದು ಕಡೆ ಸೇರಿಸಿದ್ದೇನೆ. ಹುರಿ ಸಿಕ್ಕಿಹಾಕಿಕೊಂಡ ಡೈವರ್ ಬೈಯುವ ಜಾಗದಲ್ಲಿ.

———

> ಬರೀ

‘ಬರಿಯ’.