ಮ್ಯಾಲಿನ ಖೋಲಿ ಕಟಗಿ ನೆಲ ನಡುಮಧ್ಯ ಎದ್ದು ನಿಂತದ, ಏನ್ ಮಾಡ್ಲಿ?

ಕಟಗಿ_ಹುಚ್ಚ (ಕಲಬುರಗಿ): ತಲಿ ಕೆಟ್ಟದ್ರಿ. ಗರ್ಡರ್ ಮ್ಯಾಲ ಪೈನ್ ಲ್ಯಾಮಿನೇಟೆಡ್ ಡೆಕ್ಕಿಂಗ್ ಹಾಕಿಸೀನಿ, ಟಂಗ್ ಅಂಡ್ ಗ್ರೂವ್ (ಒಂದು ಹಲಗಿ ನಾಲಿಗಿ ಬಾಜೂದರ ಕಚ್ಚಿನೊಳಗ ಕೂಡತದ), ಮೂರು ಪದರ ಅಂಟಿಸಿದ್ದು. ಹಾಕಿದಾಗ ಹಲಗಿ ನಡುವ ಬ್ಲೇಡ್ ಸೈತ ತೂರ್ತಿರಲಿಲ್ಲ. ಈಗ ನಡುಮಧ್ಯ ಒಂದಿಂಚು ಎದ್ದದ, ಕಾಲಿಟ್ರ ಧಬ್ ಅಂತದ. ಮಿಸ್ತ್ರಿ ಫೋನ್ ಎತ್ತವಲ್ಲ. ಮಾಲೇ ಡುಪ್ಲಿಕೇಟ್ ಇರಬೇಕು.

ಫರಸಿಕಲ್ಲು (ಶಹಾಬಾದ): ಮಾಲಲ್ರಿ, ಸೀಪೇಜು. ಛತ್ತ ಸೋರತದ. ಮೊದಲ ವಾಟರ್‌ಪ್ರೂಫಿಂಗ್ ಮಾಡಿಸ್ರಿ.

ಕಟಗಿ_ಹುಚ್ಚ: ಛತ್ತ ಹೊಸಾದು, ಸೋರಂಗಿಲ್ಲ.

ಫರಸಿಕಲ್ಲು: ಹೊಸಾದೂ ಸೋರತದ. ಪ್ಯಾರಾಪೆಟ್ ಮೂಲಿ ನೋಡ್ರಿ.

ರಂಧಾ_ಬೀದರ: ಹಲಗಿ ಎಷ್ಟು ಅಗಲ? ಎಷ್ಟು ಸಾಲು? ಯಾವ ತಿಂಗಳದಾಗ ಹಾಕಿದ್ರಿ? ಗ್ವಾಡಿ ಬಾಜೂಕ ಸಂದಿ ಎಷ್ಟು ಬಿಟ್ಟೀರಿ? ಇದ್ಯಾವುದೂ ಹೇಳಲಾರದ ಔಷಧಿ ಕೇಳಿದ್ರ ಹ್ಯಾಂಗ?

ಕಟಗಿ_ಹುಚ್ಚ: 140 ಮಿ.ಮೀ. ಹಲಗಿ, 26 ಸಾಲು. ಮೇ ತಿಂಗಳದಾಗ ಹಾಕಿದ್ದು. ಸಂದಿ ಯಾಕ ಬಿಡಬೇಕ್ರಿ? ಗ್ವಾಡಿಗಿ ಹತ್ತಿಸಿ ಬಿಗಿ ಬಡಿಸೀನಿ, ನಾನೇ ಖುದ್ದ ನಿಂತು.

ಜೇವರ್ಗಿ_ಸುತಾರ: ಮೊಳಿ ಹ್ಯಾಂಗ ಹೊಡದಾರ? ಪ್ರತಿ ಗರ್ಡರ್ ಮ್ಯಾಲ ಕಟಗಿ ಪಟ್ಟಿ ಬೋಲ್ಟ್ ಮಾಡಿ, ನಾಲಿಗಿ ಒಳಗಿಂದ ಓರೆ ಒಂದು, ಮ್ಯಾಲಿಂದ ನೇರ ಒಂದು ಬೀಳಬೇಕು.

ಫರಸಿಕಲ್ಲು: ಈಗಿನ ಕಾಲಕ್ಕ ಮೊಳಿ ಯಾರು ಹೊಡಿತಾರ? ಸ್ಕ್ರೂ ಹಾಕ್ರಿ.

ಜೇವರ್ಗಿ_ಸುತಾರ: ಜಿಪ್ಸಂ ಬೋರ್ಡಿಂದು ಕರೀ ಸ್ಕ್ರೂನ? ಕಟಗಿ ಜರಾ ಅಲಗಾಡಿದ್ರ ತಲಿ ಕಡಕೊಂಡು ಕೈಗಿ ಬರತದ. ಮೊಳಿ ಬಾಗತದ, ಮುರಿಯಂಗಿಲ್ಲ. ಫರಸಿ ಹಾಸವರು ಫರಸಿ ಹಾಸ್ರಿ.

ಫರಸಿಕಲ್ಲು: ನಮ್ಮ ಫರಸಿ ಮಳಿಗಾಲದಾಗ ಎದ್ದು ನಿಂದ್ರಂಗಿಲ್ಲ, ಅದಂತೂ ಖರೆ.

ರಂಧಾ_ಬೀದರ: ಜಗಳ ಆಮ್ಯಾಲ. ಪೈನ್‌ದಾಗ ತೇವ ಒಂದು ಪ್ರತಿಶತ ಏರಿದ್ರ ಅಗಲ ಸುಮಾರು ಕಾಲು ಪ್ರತಿಶತ ಹಿಗ್ಗತದ. ಮೇದಾಗ 7 ಇತ್ತು, ಈಗ ಮಳಿಗಾಲದಾಗ 12 ಅದ ಅಂತ ಹಿಡೀರಿ. ಒಂದು ಹಲಗಿಗಿ 1.75 ಮಿ.ಮೀ., 26 ಸಾಲಿಗಿ ಸುಮಾರು 45. ಅರ್ಧಾ ಒಳಗೇ ಅದುಮಿಕೊಂಡದ, ಉಳಿದಿದ್ದು ಎಲ್ಲಿ ಹೋಗಬೇಕು? ಗ್ವಾಡಿ ಸರಿಯಂಗಿಲ್ಲ, ಹಲಗಿ ಮ್ಯಾಲ ಏಳತದ. ಉದ್ದಕ್ಕ ಹಿಗ್ಗೂದು ನಾಮಕಾವಾಸ್ತೆ, ಆಟ ಎಲ್ಲಾ ಅಡ್ಡಕ್ಕ. ಹಾಕೂಕಿಂತ ಮೊದಲ ಮಾಲು ಎಲ್ಲಿಟ್ಟಿದ್ರಿ?

ಕಟಗಿ_ಹುಚ್ಚ: ಪತ್ರಾಸ್ ಕೆಳಗ 20 ದಿನ, ಛಂದ ಒಣಗಲಿ ಅಂತ. ಮತ್ತ ಆ ಖೋಲ್ಯಾಗ ಕೂಲರ್ ಅದ, ಹುಲ್ಲಿಂದು. ಅದೂ ಹೇಳಬೇಕಿತ್ತಾ?

ಜೇವರ್ಗಿ_ಸುತಾರ: ಅಯ್ಯೋ ಯಪ್ಪಾ! ಕಲಬುರಗಿ ಬಿಸಿಲಿಗಿ ಹಪ್ಪಳ ಮಾಡಿ, ಆಮ್ಯಾಲ ಹಬಿ ಹಿಡಿದೀರಲ್ಲ.

ರಂಧಾ_ಬೀದರ: ಮಾಲು ಛಲೋನೇ ಅದ. ಎರಡೂ ಗ್ವಾಡಿ ಕಡಿ ಸಾಲು ಬಿಚ್ಚಿ, ಉದ್ದಕ್ಕ 20 ಮಿ.ಮೀ. ಸೀಳಿ ತೆಗೀರಿ, ಸ್ಕರ್ಟಿಂಗ್, ಅಂದ್ರ ಗ್ವಾಡಿ ಬುಡದ ಪಟ್ಟಿ, ಅದನ್ನ ಮುಚ್ಚತದ. ನಡುವಿನ ಮೊಳಿ ಸಡಿಲು ಮಾಡಿ ವಜ್ಜಿ ಹೇರಿ ಬಿಡ್ರಿ. ಬ್ಯಾಸಗ್ಯಾಗ ಸಂದಿ ಬೀಳತಾವ, ಬೀಳಲಿ, ನಾಲಿಗಿ ಕಚ್ಚಿನೊಳಗೇ ಇರತದ. ಮೇದಾಗ ಹಾಕವರು ಹಲಗಿ ನಡುವ ಎರಡು ಮಿ.ಮೀ. ಬಿಡಬೇಕು, ಆಗಸ್ಟ್‌ದಾಗ ಹಾಕಿದ್ರ ಬಿಗೀನೇ ಬಡೀರಿ. ತೇವ ಅಳಿಯೂ ನನ್ನ ಮಾಯಿಶ್ಚರ್ ಮೀಟರ್ ಇಲ್ಲದ ನಾ ಒಂದು ಹಲಗೀನೂ ಮುಟ್ಟಂಗಿಲ್ಲ. ಮೊನ್ನೆ ಕಟಗಿ ಹೆರಿಯೂ 13 ಇಂಚಿನ ಪ್ಲೇನರ್ ಮಷೀನ್ ತಂದೀನಿ, ಫೋಟೋ ಹಾಕ್ತೀನಿ.

ಸಣ್ಣಮನಿ_ಯಾದಗಿರಿ: ಅಣ್ಣಾರ, ನಂದು ಇಳಿಜಾರು ಛತ್ತ. ನಾಲಿಗಿ ಯಾವ ಕಡಿ ಇರಬೇಕು?

ಜೇವರ್ಗಿ_ಸುತಾರ: ಕೆಳಗಿನ ಅಂಚಿನಿಂದ ಶುರು ಮಾಡು ತಮ್ಮಾ, ನಾಲಿಗಿ ಮ್ಯಾಲಕ್ಕ. ನೇರ ಸುತ್ತಿಗಿ ಏಟು ಹಾಕಬ್ಯಾಡ, ತುಂಡು ಕಟಗಿ ಇಟ್ಟು ಬಡಿ.

ಸಣ್ಣಮನಿ_ಯಾದಗಿರಿ: ಮತ್ತ ಆ ಪ್ಲೇನರ್ ಎಷ್ಟು ಬಿತ್ತು?

ಕಟಗಿ_ಹುಚ್ಚ: ಐತವಾರ ಎರಡೂ ಕಡಿ ಹಲಗಿ ಬಿಚ್ಚಿದೆ. ಎರಡನೇದು ತೆಗದಾಗ ಕರ್ರ್ ಅಂತ ಸಪ್ಪಳಾಗಿ, ನಡುವಿಂದು ಅರ್ಧಾ ಇಂಚು ತಾನೇ ಕೂತ್ತು. ವಜ್ಜಿಗಿ ಆರು ಶಹಾಬಾದ ಫರಸಿ ಇಟ್ಟೀನಿ. ಮಿಸ್ತ್ರಿ ಫೋನ್ ಬಂದಿತ್ತು, ಬಾಕಿ ರೊಕ್ಕ ಕೇಳಲಿಕ್ಕ.

ಫರಸಿಕಲ್ಲು: ನೋಡ್ರಿ, ಕಡೀಕ ಫರಸೀನೇ ಬೇಕಾಯ್ತು. ಛತ್ತ ಒಂದ್ಸಲ ಚೆಕ್ ಮಾಡಿಸಿಬಿಡ್ರಿ ಮತ್ತ.